ಗೋರಿ ತೋರಿಸಿದ್ದು

ಗೇಟಿನ ಕೀಲಿ ನನ್ನ ಸೊಂಟದಲ್ಲಿ.
ಮುನ್ನೂರು ಚಿಲ್ಲರೆ ಗೋರಿ, ಎರಡು ಬೇವು,
ಕೆಟ್ಟು ನಿಂತ ಒಂದು ಪಂಪು, ಅದರಾಚೆ ಕಾವೇರಿ.
ಹುಲ್ಲು ಕೊಯ್ದರೆ ಹಸುವಿಗೆ, ಕೊಯ್ಯದಿದ್ದರೆ ಹಾವಿಗೆ.
ಶ್ರೀರಂಗಪಟ್ಟಣದಲ್ಲಿ ಇಷ್ಟು ನನ್ನ ನೌಕರಿ.

ಮಾಘದ ಒಂದು ಬೆಳಿಗ್ಗೆ ಆಟೋದಿಂದ ಮುದುಕನೊಬ್ಬ ಇಳಿದ.
ಬಿಸಿಲಿಗೆ ಮೂಗಿನ ತೊಗಲು ಸುಲಿದಿತ್ತು.
ಜೊತೆಗೆ ಮೈಸೂರಿನ ಗೈಡು ರುಖಿಯಾ,
ಅವನ ಮಾತನ್ನು ನನಗೆ, ನನ್ನದನ್ನು ಅವನಿಗೆ
ದಾಟಿಸುವವಳು.

ಊರು ಸ್ಟ್ರಾಸ್‌ಬರ್ಗ್ ಅಂತೆ. ರೈನ್ ಎಂಬ ಹೊಳೆ.
ಈ ದಡ ಒಂದು ದೇಶ, ಆ ದಡ ಒಂದು.
"ನಮ್ಮ ಮುತ್ತಜ್ಜಿ ಒಂದೇ ಒಲೆಯ ಮುಂದೆ ಕೂತು
ನಾಲ್ಕು ಸಲ ದೇಶ ಬದಲಿಸಿದಳು" ಅಂದ.
ಒಲೆ ಅದೇ, ಹುಳಿ ಬರಿಸಿದ ಕೋಸಿನ ಜಾಡಿ ಅದೇ;
ಬೀದಿಯ ಹೆಸರಿನ ತಗಡು ಮಾತ್ರ
ಹಳೆಯ ಮೊಳೆಯ ತೂತಿಗೇ ಹೊಸದು ಕೂರುತ್ತಿತ್ತು.
ಒಂದು ಮಾತು ಆಡಿದರೆ ಮಕ್ಕಳ ಬೆರಳಿಗೆ ಏಟು,
ಕೆಲವು ವರ್ಷ ಕಳೆದರೆ ಅದನ್ನೇ ಆಡದಿದ್ದರೆ ಏಟು.
ಹೀಗಾಗಿ ಅವಳು ಮನೆಮಾತನ್ನು
ಹಿತ್ತಲಿನ ಕೋಳಿಗಳ ಹತ್ತಿರ ಮಾತ್ರ ಆಡುತ್ತಿದ್ದಳಂತೆ.

ನನಗೆ ನಗು ಬಂತು.
"ನಮ್ದೂ ಅಂಗೇ ಅಂತ ಹೇಳವ್ವ" ಅಂದೆ.
ಈ ನಡುಗಡ್ಡೆ ಒಂದು ಕಾಲಕ್ಕೆ ಬಿಳಿಯರದು,
ಆಚೆ ದಡ ಅರಮನೆಯದು, ಗೆರೆ ನೀರಿನೊಳಗೆ.
ಗಂಜಾಮಿನ ನಮ್ಮ ಹೊಂಬಮ್ಮ, ಮುತ್ತಜ್ಜಿಗೂ ತಾಯಿ,
ಅಂಜೂರದ ಬುಟ್ಟಿ ಇಟ್ಟುಕೊಂಡು ಹರಿಗೋಲು ಹತ್ತಿದರೆ
ಅರ್ಧ ಹೊಳೆಗೆ ಅವಳ ದೊರೆ ಬದಲು.
ಹಣ್ಣಿಗೆ ಗೊತ್ತಾಗುತ್ತಿರಲಿಲ್ಲ.
ಸುಂಕದವನಿಗೆ ಗೊತ್ತಾಗುತ್ತಿತ್ತು:
ಬುಟ್ಟಿಗೆ ನಾಲ್ಕು, ಮಾಗಿದವೇ ಆಗಬೇಕು.
ಅವನ ಮುಂದೆ ಯಾರು ಸುಖದುಃಖ ಹೇಳಿಕೊಳ್ಳುತ್ತಾರೆ?
ಅದು ಗಾದೆಯಲ್ಲ ನಮ್ಮ ಮನೆಯಲ್ಲಿ, ಬಾಕಿ ಲೆಕ್ಕ.

ಮುದುಕ ಜೇಬಿನಿಂದ ಎರಡು ಚೀಟಿ ತೆಗೆದ.
ಒಂದರಲ್ಲಿ ಝಾಂ, ಇನ್ನೊಂದರಲ್ಲಿ ಹಾನ್ಸ್, ಆಳು ಒಬ್ಬನೇ.
ಸ್ವಿಸ್ ಪಲ್ಟನ್ನಿಗೆ ಸೇರಿ ಹಡಗು ಹತ್ತಿದ ಹುಡುಗ,
ಮೊದಲು ಡಚ್ಚರ ಅನ್ನ, ಆಮೇಲೆ ಇಂಗ್ಲಿಷರ ಅನ್ನ.
ಜೋಡೆತ್ತು ಕೈ ಬದಲಿಸಿದ ಹಾಗೆ
ಇಡೀ ಪಲ್ಟನ್ನೇ ಕೈ ಬದಲಿಸಿತ್ತಂತೆ.
ಕಡೆಗೆ ಇಲ್ಲಿ, ಯಾರದೋ ಜ್ವರದಲ್ಲಿ.

ಹುಡುಕಿದೆವು.
ಅಕ್ಷರ ಇರುವುದು ಸರದಾರರಿಗೆ;
ಸಿಪಾಯಿಗೆ ಇಟ್ಟಿಗೆ, ಗಾರೆ, ಮೇಲೆ ಓತಿಕ್ಯಾತ.
ಸುಣ್ಣದ ಕಡ್ಡಿ ಉಜ್ಜಿ ನೋಡಿದೆ, ಎರಡು ಕಲ್ಲಿನಲ್ಲಿ
ಬರೀ ಇಸವಿ ಎದ್ದಿತು.
ಮಧ್ಯಾಹ್ನವಾಯಿತು. ಅವನ ಮಂಡಿ ನಡುಗುತ್ತಿತ್ತು.
ಬೇವಿನ ಬುಡದ ಮೊಂಡು ಗೋರಿಗೆ ಕೈ ತೋರಿಸಿ
"ಇದೇ" ಅಂದೆ.

ಯಾಕಂದೆನೋ.
ಅಲ್ಲಿ ನೆರಳಿತ್ತು, ಅಷ್ಟೇ ಇರಬೇಕು.
ರುಖಿಯಾ ನನ್ನ ಮುಖ ನೋಡಿದಳು,
ಒಂದು ಉಸಿರಿನಷ್ಟು ತಡೆದಳು,
ದಾಟಿಸಿದಳು.

ಅವನು ಅಳಲಿಲ್ಲ. ಕರವಸ್ತ್ರ ಒದ್ದೆ ಮಾಡಿ
ಹಕ್ಕಿಯ ಹಿಕ್ಕೆ ಒರೆಸಿದ, ಪಕ್ಕದಲ್ಲಿ ಕೂತ,
ತಗ್ಗಿದ ದನಿಯಲ್ಲಿ ಏನೋ ಹೇಳತೊಡಗಿದ.
ಬಹಳ ಹೊತ್ತು.
"ಏನಂತಾನೆ?" ಅಂದೆ.
"ಫ್ರೆಂಚಲ್ಲ" ಅಂದಳು ರುಖಿಯಾ. "ಜರ್ಮನ್ನೂ ಅಲ್ಲ.
ನನಗೆ ಬರಲ್ಲ ಇದು."

ಕೋಳಿಗಳ ಮಾತು.

ಹೋಗುವಾಗ ಐನೂರರ ನೋಟು ಕೊಟ್ಟ.
ಬೇಡ ಅನ್ನಬೇಕಿತ್ತು, ಅನ್ನಲಿಲ್ಲ;
ಹಸುವಿಗೆ ಹಿಂಡಿ ತಂದೆ.

ಈಗ ಬೇವಿನ ಬುಡಕ್ಕೆ ಬಂದಾಗ ಕುಡುಗೋಲು ನಿಧಾನ.
ಒಳಗಿರುವವನು ಯಾರೋ, ಆ ಮಾತು
ಅವನಿಗೆ ಬರುತ್ತಿತ್ತೋ ಇಲ್ಲವೋ,
ಎಲ್ಲ ಕೇಳಿಸಿಕೊಂಡು ಸುಮ್ಮನಿದ್ದಾನೆ.
ನಿನ್ನೆ ಸಂಜೆ ಯಾರೂ ಇರಲಿಲ್ಲ.
ಹುಲ್ಲಿನ ಹೊರೆ ಇಳಿಸಿ, ಎಲೆ ಅಡಿಕೆ ಬಾಯಿಗೆ ಹಾಕಿ,
ಬಸ್ಸಿನಲ್ಲಿ ಪಕ್ಕ ಕೂತವನನ್ನು ಕೇಳುವ ಹಾಗೆ ಕೇಳಿದೆ:
"ಯಾವ್ ಕಡೆಯೋನಪ್ಪ ನೀನು?"