ನಂದು

ಶನಿವಾರ ಬೆಳಗಿನ ಶಾಲೆ ಬಿಟ್ಟು, ಉಂಡು, ಒಂದು ಗಳಿಗೆ ಮಲಗೆದ್ದು
ನಾಲ್ಕೂವರೆಗೆ ಮೈದಾನದಲ್ಲಿರುತ್ತೇವೆ.
ಜೋಗಿಮಟ್ಟಿ ಕಡೆಯ ಗಾಳಿ ನಮಗಿಂತ ಮುಂಚೆ ಬಂದು
ನೆಟ್ಟಿನ ಕಣ್ಣುಗಳಲ್ಲಿ ತೂರಿ ಆಡುತ್ತಿರುತ್ತದೆ.

ಹೆಡ್‌ಮಾಸ್ತರ್ ಪಾಲಯ್ಯನವರಿಗೆ ಇಲ್ಲಿ ಕುರ್ಚಿಯಿಲ್ಲ.
ಅವರ ಸ್ಕೂಲಿನ ಜವಾನ ಕಾಟಲಿಂಗ ಸರ್ವಿಸ್ ಹೊಡೆದು ಚರಂಡಿಗೆ ಹಾಕಿದರೆ
ಹೆಕ್ಕಿ ತರುವವರು ಅವರೇ,
ಮಗನ ಹಳೇ ಟ್ರ್ಯಾಕ್ ಪ್ಯಾಂಟು, ಮೊಣಕಾಲಿಗೆ ಬೆಲ್ಟು.
ಖಮರುನ್ನೀಸಾ ಟೀಚರ್ ವೇಲನ್ನು ಸೊಂಟಕ್ಕೆ ಬಿಗಿದರೆಂದರೆ
ಎದುರಿನ ಬಿ.ಇ.ಓ. ಕಚೇರಿಯವರು ಎರಡು ಹೆಜ್ಜೆ ಹಿಂದೆ.
ನಾನು ಲಿಫ್ಟರ್. ಐವತ್ತೆರಡು.
ಇಪ್ಪತ್ತೇಳು ವರ್ಷ ವರಾಂಡದಲ್ಲಿ ಓಡಬೇಡ್ರೋ ಅಂತ ಕೂಗಿದವಳು
ಇಲ್ಲಿ ಓಡುತ್ತೇನೆ.

ಸ್ಟಾಫ್‌ರೂಮಿನಲ್ಲಿ ಯಾರ ಬಾಯಲ್ಲೂ ಬಾರದ ಮಾತು
ಇಲ್ಲಿ ಬರುತ್ತದೆ: ನಂದು.
ಜನಗಣತಿ ಬಂತೋ, ನಂದಲ್ಲ.
ಮೊಟ್ಟೆ ಲೆಕ್ಕ ತಪ್ಪಿತೋ, ಕೀಲಿ ನನ್ನ ಹತ್ರ ಇರಲಿಲ್ಲವಲ್ಲ.
ಇಲ್ಲಿ ಮಾತ್ರ ಮೇಲಿಂದ ಇಳಿಯುವ ಒಂದು ಚೆಂಡಿಗೆ
ಆರು ಗಂಟಲು,
ನಂದು, ನಂದು, ಬಿಡ್ರೀ ಸಾರ್ ನಂದು!

ಹೋದ ವಾರ ಹಾಗಾಗಲಿಲ್ಲ.
ಎತ್ತರದ ಚೆಂಡು, ಅವಸರವಿಲ್ಲದ್ದು,
ನನಗೂ ಖಮರುಗೂ ನಡುವೆ ಇಳಿಯಿತು.
ನಾನು ಅವರ ಮುಖ ನೋಡಿದೆ, ಅವರು ನನ್ನ ಮುಖ.
ಟಪ್ಪಂತ ಕೆಮ್ಮಣ್ಣು ಹಾರಿತು.
"ನಿಮ್ದಂತ ಬಿಟ್ಟೆ."
"ನಾನೂ ನಿಮ್ದಂತಲೇ."
ನಕ್ಕೆವು. ನಗು ಮುಗಿಯುವ ಮೊದಲೇ
ಇಬ್ಬರಿಗೂ ಒಂದೇ ಹೆಸರು ನೆನಪಾಯಿತೆಂದು ಕಾಣುತ್ತದೆ.

ರಂಜಿತಾ ಎಂ., ಏಳನೇ ಬಿ.
ಜೂನ್‌ನಲ್ಲಿ ನಾನೇ ಟಿ.ಸಿ. ಬರೆದೆ, ದುಂಡಗೆ, ಮೊಹರು ಒತ್ತಿ,
ನಿಮ್ಮ ಹೈಸ್ಕೂಲಿಗೆ ಬರ್ತಾಳೆ ಅಂತ ಖಮರುಗೆ ಇದೇ ಮೈದಾನದಲ್ಲಿ ಹೇಳಿಯೂ ಇದ್ದೆ.
ಈಗ ನವೆಂಬರು.
ನನ್ನ ಕಡತದಲ್ಲಿ ಅವಳು ಹೋದವಳು,
ಅವರ ಕಡತದಲ್ಲಿ ಬಾರದವಳು.
ನಡುವೆ ಮೂರು ಕಿಲೋಮೀಟರು.

ಮುಂದಿನ ಚೆಂಡು ಹೊರಗೇ ಹೊರಟಿತ್ತು,
ಬಿಟ್ಟಿದ್ದರೆ ಪಾಯಿಂಟು ನಮ್ಮದು.
ಇಬ್ಬರೂ ಕೂಗಿ ನುಗ್ಗಿದೆವು, ಹೆಗಲಿಗೆ ಹೆಗಲು ಬಡಿದು
ಗೆರೆಯಾಚೆ ಬಿದ್ದೆವು. ನನ್ನ ಎರಡು ಬಳೆ,
ಅವರ ಕನ್ನಡಕದ ಒಂದು ಕಡ್ಡಿ.
"ಔಟಿತ್ತಲ್ಲಮ್ಮಾ, ಬಿಡಬಾರದಿತ್ತಾ" ಅಂದರು ಪಾಲಯ್ಯ.

ಮಣ್ಣು ಕೊಡವುತ್ತಾ ಖಮರು ಕೇಳಿದರು,
"ಆ ಹುಡುಗಿ ಮನೆ ಎಲ್ಲಿ?"
"ಇಟ್ಟಿಗೆ ಗೂಡಿನ ಹಿಂದೆ ಅಂತಿದ್ಲು."
ಸ್ಕೂಟಿ ಕೀಲಿ ಆಗಲೇ ಅವರ ಕೈಯಲ್ಲಿತ್ತು.
ಹನ್ನೊಂದಕ್ಕೆ ಹನ್ನೊಂದು,
ಸೆಟ್ಟು ಮುಗಿಸಿ ಹೋಗೋಣ ಅಂದೆ.
ಬೇಡ, ಕತ್ತಲಾಗುತ್ತೆ, ಅಂದರು.