ಬಂತಾ?

ನನ್ನ ತೂಕ ನಲವತ್ತೊಂದು ಕೆಜಿ.
ಅದಕ್ಕೇ ಈ ಕೆಲಸ ಸಿಕ್ಕಿದ್ದು.
ಸುಂಟಿಕೊಪ್ಪದ ಸಂತೆಯಲ್ಲಿ, ಒಣಮೀನಿನ ತಕ್ಕಡಿ ಪಕ್ಕ,
ಬಾಸ್ತ್ಯಾಂವ್ ನನ್ನ ಪಾದ ನೋಡಿ ಕೇಳಿದರು:
‘ಮೆಣಸು ಕುಯ್ಯುವವಳಲ್ವಾ ನೀನು?
ಬಿದಿರೇಣಿ ಹತ್ತುತ್ತೀಯಲ್ಲ, ಮಾಡು ಹತ್ತುತ್ತೀಯಾ?’

ಅವರಿಗೀಗ ಎಪ್ಪತ್ತಮೂರು. ಮಂಡಿ ಎರಡೂ ಹೋಗಿವೆ.
ಐವತ್ತು ವರ್ಷ ಹಂಚಿನ ಮೇಲೆ ಬೆಕ್ಕಿನ ಹಾಗೆ ನಡೆದವರು
ಈಗ ಕೆಳಗೆ, ಮೂರನೇ ಕ್ಲಾಸಿನ ಬೆಂಚಿನ ಮೇಲೆ
ಅಂಗಾತ ಮಲಗಿದ್ದಾರೆ,
ಕೈಯಲ್ಲಿ ಉದ್ದ ಕೋಲು, ತುದಿಗೆ ಹಿಡಿಸೂಡಿಯ ಕಡ್ಡಿ.

ಹೂಮಳೆ ಬಂದು ಹೋಗಿ ಎಂಟು ದಿನ.
ಗುಡ್ಡದ ತುಂಬಾ ಕಾಫಿ ಹೂವಿನ ಘಾಟು.
ಬರಿಗಾಲಿಟ್ಟರೆ ಹಂಚು ಬಾಣಲೆ.
‘ಎರಡು ಸೇರುವಲ್ಲಿ ಕಾಲಿಡು,
ಹೊಟ್ಟೆಗೆ ತುಳೀಬೇಡ. ಅದಕ್ಕೂ ನೋಯ್ತದೆ.’

ಕಿಟಕಿ ಮುಚ್ಚಿಸಿದರು. ಒಳಗೆ ಕತ್ತಲೆ.
‘ಅಯ್ಯೋ, ನಕ್ಷತ್ರ!’ ದಮಯಂತಿ ಟೀಚರ ದನಿ
ಹಂಚಿನ ಸಂದಿಯಿಂದ ನನ್ನ ಕಾಲಿಗೆ ತಾಗಿತು.
‘ಹದಿನಾಲ್ಕು ಹಂಚು, ಬಾಯಿ. ಒಂದಕ್ಕೆ ಅರವತ್ತು ರೂಪಾಯಿ.’

ಒಂದೊಂದು ತೂತಿನಿಂದಲೂ ಕಡ್ಡಿ ಇಣುಕುತ್ತದೆ,
ಇಲಿ ಬಿಲದಿಂದ ಮೀಸೆ ಹೊರಗಿಟ್ಟ ಹಾಗೆ.
ಸುಣ್ಣದ ಗುರುತು ಹಾಕುತ್ತೇನೆ.
ಒಡೆದದ್ದನ್ನು ಎತ್ತಿ ಬೆನ್ನು ನೋಡುತ್ತೇನೆ:
ಜಿಂಕೆ ಮಾರ್ಕು. ಕಾರ್ಖಾನೆ ಮುಚ್ಚಿ ಕಾಲವಾಯಿತು.
ಹೊಸ ಹಂಚು ಇದರ ಜೊತೆ ಕೂರುವುದಿಲ್ಲ,
ಹಲ್ಲು ಬೇರೆ, ತುಟಿ ಬೇರೆ.
ಕೆಡವಿದ ಗೋದಾಮು, ಬಿದ್ದ ಕೊಟ್ಟಿಗೆ,
ಎಲ್ಲೆಲ್ಲಿಂದಲೋ ಜಿಂಕೆಗಳನ್ನು ಹುಡುಕಿ ತಂದು
ಶಾಲೆಯ ಹಿಂದೆ ಪೇರಿಸಿದ್ದರು, ಹದಿನಾರು.
ಮೇಲೇರಿಸುವಾಗ ಎರಡನ್ನು ನಾನೇ ಒಡೆದೆ.

ಮುಗಿಯಿತು ಅಂದುಕೊಂಡೆ.
ಆದರೆ ಟೀಚರಿಗೆ ಚಿಂತೆ ಕಪ್ಪುಹಲಗೆಯದು:
ಎಡಮೂಲೆ, ತಾರೀಖು ಬರೆಯುವ ಜಾಗ,
ಮಳೆಗಾಲವಿಡೀ ಅಳಿಸಿಹೋಗುತ್ತದೆ.
ಅದರ ಮೇಲೆ ತೂತೇ ಇಲ್ಲ.

‘ಬೆಳಕಿಗೆ ನೆಟ್ಟಗೆ ಬರೋದೊಂದೇ ಗೊತ್ತು.
ನೀರು ಹಾಗಲ್ಲ. ಕೊಡ ತಗೋ.
ಕೆಳಸಾಲಿಂದ ಹೊಯ್ಯಿ, ಒಂದೊಂದೇ ಸಾಲು ಮೇಲಕ್ಕೆ.
ಆತುರದವರು ಮೇಲಿಂದ ಹೊಯ್ತಾರೆ,
ಆಮೇಲೆ ಯಾವ ಸಾಲು ಅಂತ ದೇವರನ್ನ ಕೇಳ್ತಾರೆ.’

ಮೊದಲ ಸಾಲು. ‘ಬಂತಾ?’ ‘ಇಲ್ಲ.’
ಎರಡು. ‘ಬಂತಾ?’ ‘ಇಲ್ಲ.’
ಐದಕ್ಕೆ ನನ್ನ ಭುಜ ಸೋತಿತು.
ಏಳಕ್ಕೆ, ಬಾವಿಯಿಂದ ಸೇದುತ್ತಿದ್ದ ಹುಡುಗ
ಟೀ ಕುಡಿಯಲು ಹೋದವನು ಬರಲಿಲ್ಲ. ನಾನೇ ಇಳಿದೆ, ಸೇದಿದೆ, ಹತ್ತಿದೆ.
ಒಂಬತ್ತು. ‘ಬಂತಾ?’

‘ಬಂತಾ?’

ನಿದ್ದೆ ಹೋದರೋ, ಮುದುಕರ ಪ್ರಾಣವೇ…
ಹಂಚು ಸರಿಸಿ ತಲೆ ತೂರಿಸಿದೆ.

ಡೆಸ್ಕಿನ ಮೇಲೆ, ಆ ಹೋದ ಮಂಡಿಗಳ ಮೇಲೆ
ನೆಟ್ಟಗೆ ನಿಂತಿದ್ದಾರೆ.
ಪಕಾಸಿನ ಕೆಳಗೆ ಒಂದು ಹನಿ ನಡೆಯುತ್ತಿದೆ,
ಹಿಂದೆಯೇ ಅವರ ಕಡ್ಡಿ.
ಹನಿ ನಿಂತರೆ ಕಡ್ಡಿ ನಿಲ್ಲುತ್ತದೆ.
ಮರದ ಗಂಟು ಬಳಸಿ, ಮೊಳೆ ದಾಟಿ,
ಡೆಸ್ಕಿಂದ ಡೆಸ್ಕಿಗೆ, ಒಂಬತ್ತು ಅಡಿ,
ಗೋಡೆ ಸಿಕ್ಕಲ್ಲಿ ಹನಿ ಯೋಚಿಸಿತು,
ತಾರೀಖಿನ ಜಾಗಕ್ಕೆ ಟಪ್ ಎಂದಿತು.
‘ಬಂತು,’ ಅಂದರು, ಮಗು ಎದ್ದೀತೆಂಬಷ್ಟು ಮೆಲ್ಲಗೆ.

ಒಂಬತ್ತನೇ ಸಾಲಿನ ಹಂಚು ಎತ್ತಿದೆ.
ಒಡಕಿಲ್ಲ, ಬಿರುಕಿಲ್ಲ.
ಸಿಲ್ವರ್ ಓಕಿನ ಒಂದು ಎಲೆ,
ಒಣಗಿ, ಮಡಚಿ, ನೀರಿಗೆ ಸಂಕ ಹಾಕಿಕೊಟ್ಟು ಕೂತಿದೆ.
ಊದಿದೆ. ಹೋಯಿತು.

ಬಿಲ್ಲಿನಲ್ಲಿ ಬರೆದರು: ಹಂಚು ಹದಿನಾಲ್ಕು. ಎಲೆ ಒಂದು.
ಎಲೆಯ ಮುಂದೆ ದರದ ಕಾಲಂ ಖಾಲಿ.
ಅದೇನೆಂದು ಕೇಳಿ ಇಲಾಖೆಯವರು
ಎರಡು ತಿಂಗಳು ದುಡ್ಡು ಹಿಡಿದರು.

ಕಕ್ಕಡದ ಮಳೆಯಲ್ಲಿ, ಗೊಬ್ಬರದ ಚೀಲ ತಲೆಗೆ ಮಡಚಿ
ತೋಟಕ್ಕೆ ಹೋಗುವಾಗ ಕಿಟಕಿಯಲ್ಲಿ ಇಣುಕಿದೆ.
ಎಡಮೂಲೆಯಲ್ಲಿ ತಾರೀಖು ಒಣಗಿಕೊಂಡು ಕೂತಿತ್ತು,
ನಿನ್ನೆಯದು, ಬದಲಿಸಲು ಮರೆತಿದ್ದರು.
ಹನಿ ಹಿಡಿಯುತ್ತಿದ್ದ ನೀಲಿ ಬಕೆಟ್ಟು ಬಾಗಿಲ ಬಳಿ,
ತುಂಬಾ ಮಕ್ಕಳ ಕೊಡೆ.
ಈಗ ಅವು ಸೋರುತ್ತಿದ್ದವು.