ಐದೂ ನಲವತ್ತರ ಮುಳ್ಳು

ಗೊರಗುಂಟೆಪಾಳ್ಯದ ಕಂಬದ ಮೇಲೆ ಪುಟ್ಟ ಬಿಳಿ ಡಬ್ಬಿ,
ಹಗಲೂ ಇರುಳೂ ಗಾಳಿಯ ಧೂಳೆಣಿಸುತ್ತದೆ.
ಅದು ಕಳಿಸಿದ ಅಂಕಿಗಳನ್ನು ಸೋಸುವುದು ನನ್ನ ಕೆಲಸ;
ಸೋಸಿದ್ದನ್ನು ತಿಂದು ನಾಳೆಯ ಗಾಳಿ ಹೇಗೆಂದು ಹೇಳುವುದು
ಯಂತ್ರದ್ದು.

ದಿನಾ ಬೆಳಗ್ಗೆ ಐದೂ ನಲವತ್ತಕ್ಕೆ
ಗೆರೆಯಲ್ಲೊಂದು ಮುಳ್ಳು ಏಳುತ್ತಿತ್ತು.
ಲಾರಿಯಲ್ಲ, ಕಾರ್ಖಾನೆಯಲ್ಲ. ಯುಗಾದಿಯ ದಿನವೂ ಇತ್ತು.
'ದೋಷ' ಅಂದಿತು ಯಂತ್ರ. ಅಳಿಸಿದೆ.
ಎಂಟು ತಿಂಗಳು ಅಳಿಸಿದೆ.

ಒಂದು ದಿನ ನಿದ್ದೆ ಹತ್ತದೆ ಹೋಗಿ ನೋಡಿದರೆ
ಕಂಬದ ಬುಡದಲ್ಲಿ ಓಬಳಮ್ಮ,
ಸೆರಗು ಮೂಗಿಗೆ ಕಟ್ಟಿ, ಉದ್ದ ಪೊರಕೆ ಹಿಡಿದು
ಫ್ಲೈಓವರ್ ರಾತ್ರಿಯಿಡೀ ಉದುರಿಸಿದ್ದನ್ನೆಲ್ಲ
ಗುಡ್ಡೆ ಮಾಡುತ್ತಿದ್ದಳು. ನಡುನಡುವೆ ಕೆಮ್ಮು.
ಅಷ್ಟೇ. ಅವಳೇ ನನ್ನ ದೋಷ.

ಅಳಿಸಿದ್ದನ್ನೆಲ್ಲ ಮರಳಿ ತುಂಬಿದೆ,
ಕಾರಣದ ಕಾಲಂನಲ್ಲಿ 'ಪೊರಕೆ' ಎಂದು ಬರೆದೆ.
ಯಂತ್ರ, ಪಾಪ, ಹೇಳಿದರೆ ಕಲಿಯುತ್ತದೆ.
ಈಗ ಮುನ್ನಾದಿನ ಸಂಜೆಯೇ ಅವಳ ಫೋನಿಗೆ ದನಿ ಕಳಿಸುತ್ತದೆ,
ತೆಲುಗು ಬೆರೆತ ಕನ್ನಡದಲ್ಲಿ:
ನಾಳೆ ಗಾಳಿ ಆಡೋದಿಲ್ಲ, ಮಂಜು ಕೂತಿರುತ್ತೆ,
ಏಳೂವರೆ ಮೇಲೆ ಗುಡಿಸಿ,
ಮೊದಲು ನೀರು ಚಿಮುಕಿಸಿ.

ಎರಡು ಸಲ ಕೇಳಿ ನಕ್ಕಳು ಓಬಳಮ್ಮ.
'ನಿಮ್ಮದು ಒಳ್ಳೇ ಮಿಷನ್ನೇ ಮೇಡಂ.
ಆದ್ರೆ ಮೇಸ್ತ್ರಿ ಹತ್ರ ಇನ್ನೊಂದೈತೆ,
ಐದೂವರೆಗೆ ನನ್ನ ಮುಖ ನೋಡ್ಲಿಲ್ಲ ಅಂದ್ರೆ
ಅವತ್ತಿನ ಸಂಬಳ ಹೊಡಿತೈತೆ.
ಅವೆರಡೂ ಒಂದ್ಸಲ ಮಾತಾಡ್ಕೊಳ್ಳಲಿ.
ಹಂಗೇ, ಚಿಮುಕಿಸೋ ನೀರು
ಯಾವ ನಲ್ಲೀದು ಅಂತಾನೂ
ಕೇಳಿ ಹೇಳಿ.'